ಗೇಟು ಎತ್ತಿದರೆ ನೀರು ಬಂದೇ ಬರುತ್ತದೆಯೇ?

ತರ್ಕಶಾಸ್ತ್ರ, ಮನೋವಿಜ್ಞಾನ ಕಲಿಸುವ ಮೇಷ್ಟ್ರುಗಳಿಗೆ ಕೆಂಚನಗುಡ್ಡದಿಂದ ನಮಸ್ಕಾರ.

ಜನರ ಯೋಚನೆಯಲ್ಲಿ ತರ್ಕವಿಲ್ಲ ಎಂದು ತೋರಿಸಲು ನೀವು ರೂತ್ ಬರ್ನ್ ಅವರ 1989ರ ಪ್ರಯೋಗವನ್ನು ಮುಂದಿಡುವುದುಂಟು. ಅದನ್ನೇ ನಮ್ಮ ಕಾಲುವೆ ದಂಡೆಗೆ ತರುತ್ತೇನೆ. ‘ಗೇಟು ಎತ್ತಿದರೆ ಕಾಲುವೆಗೆ ನೀರು ಬರುತ್ತದೆ. ಗೇಟು ಎತ್ತಿದ್ದಾರೆ.’ ಹಾಗಾದರೆ ನೀರು ಬರುತ್ತದೆ ಎಂದು ಹೆಚ್ಚುಕಮ್ಮಿ ಎಲ್ಲರೂ ಹೇಳುತ್ತಾರೆ. ಇನ್ನೊಂದು ಮಾತು ಸೇರಿಸಿ: ‘ಡ್ಯಾಮಿನಲ್ಲಿ ನೀರಿದ್ದರೆ ಕಾಲುವೆಗೆ ನೀರು ಬರುತ್ತದೆ.’ ಈಗ ಅರ್ಧಕ್ಕಿಂತ ಹೆಚ್ಚು ಜನ ಹಿಂದೆ ಸರಿಯುತ್ತಾರೆ. ಮೊದಲಿನ ಎರಡು ಮಾತು ಹಾಗೇ ಇವೆಯಲ್ಲ, ತೀರ್ಮಾನವೂ ಹಾಗೇ ಇರಬೇಕು ಎನ್ನುತ್ತದೆ ಪಠ್ಯಪುಸ್ತಕದ ತರ್ಕ. ಹಿಂದೆ ಸರಿದವರಿಗೆ ಸೊನ್ನೆ.

ಆ ಸೊನ್ನೆಯನ್ನು ತಿದ್ದಿ ಎಂದು ಕೇಳುವುದಕ್ಕೇ ಈ ಪತ್ರ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಂ ತುಂಬಿತ್ತು. ನಮ್ಮ ಸಿರುಗುಪ್ಪ ಸೀಮೆಯ ಭತ್ತದ ರೈತರಿಗೆ ಅಷ್ಟು ಸಾಕಿತ್ತು: ಈ ಸಲ ಬೆಳೆಗೆ ನೀರುಂಟು. 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದರ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ಡ್ಯಾಂ ತುಂಬಿದರೆ ಬೆಳೆಗೆ ನೀರುಂಟು ಎಂಬ ನಿಯಮವನ್ನು ಆಗಲೂ ಯಾರೂ ಸುಳ್ಳೆನ್ನಲಿಲ್ಲ. ತೀರ್ಮಾನವನ್ನು ಮಾತ್ರ ತಡೆಹಿಡಿದರು. ವಾರದಲ್ಲಿ ತಾತ್ಕಾಲಿಕ ಗೇಟು ಕೂತಿತು, ಮಳೆಯಾಗಿ ಡ್ಯಾಂ ಮತ್ತೆ ತುಂಬಿತು, ತೀರ್ಮಾನವೂ ಮರಳಿತು. ಇದಕ್ಕಿಂತ ಶಿಸ್ತಿನ ಯೋಚನೆ ಯಾವುದಿದೆ ಹೇಳಿ.

ಕೀತ್ ಸ್ಟೆನ್ನಿಂಗ್ ಮತ್ತು ವಾನ್ ಲಾಂಬಾಲ್ಗನ್ 2008ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದು ಇದನ್ನೇ. ‘ಗೇಟು ಎತ್ತಿದರೆ’ ಎಂದು ಕೇಳಿದವರ ಮನಸ್ಸು ‘ಬೇರೇನೂ ಅಡ್ಡಿ ಬರದಿದ್ದರೆ’ ಎಂದು ತಾನೇ ಸೇರಿಸಿಕೊಳ್ಳುತ್ತದೆ. ಆಮೇಲೆ ಸೇರಿಸಿದ ಮಾತು ಆ ಅಡ್ಡಿಯ ಹೆಸರು ಹೇಳುತ್ತದೆ. ಹೊಸ ಸುದ್ದಿ ಬಂದಾಗ ತೀರ್ಮಾನ ಹಿಂಪಡೆಯಲು ಬಿಡುವ ತರ್ಕಪದ್ಧತಿಗಳೂ ಇವೆ. ಅವನ್ನು ಹಿಡಿದು ನೋಡಿದರೆ ರೈತರ ಉತ್ತರ ನಿಯಮಬದ್ಧವೇ. ಜನ ಮಾತನ್ನು ಹೇಗೆ ಅರ್ಥ ಮಾಡಿಕೊಂಡರು ಎಂಬುದನ್ನು ಪ್ರಯೋಗ ಹೇಳಬೇಕು, ಆ ಅರ್ಥದಿಂದ ಏನು ಹೊರಡುತ್ತದೆ ಎಂಬುದನ್ನು ತರ್ಕ ಹೇಳಬೇಕು. ನೀವು ಎರಡು ವಿಭಾಗದವರು ಸ್ಟಾಫ್ ರೂಮಿನಲ್ಲಾದರೂ ಜತೆಗೆ ಕೂರಬೇಕು.

ಇದು ಹೊರಗಿನಿಂದ ಬಂದ ವಿಚಾರವೂ ಅಲ್ಲ. ನಮ್ಮೂರಿನ ತುಂಗಭದ್ರಾ ಹೊಳೆಯ ಮೇಲ್ಭಾಗದಲ್ಲಿ, ಆನೆಗುಂದಿ ಹತ್ತಿರದ ನವಬೃಂದಾವನದಲ್ಲಿ, ‘ತರ್ಕತಾಂಡವ’ ಬರೆದ ವ್ಯಾಸತೀರ್ಥರ ಬೃಂದಾವನವಿದೆ. ಅವರು ಯಾರ ಜತೆ ವಾದಕ್ಕಿಳಿದರೋ ಆ ನ್ಯಾಯಶಾಸ್ತ್ರದವರು ‘ಉಪಾಧಿ’ಯನ್ನು ಶತಮಾನಗಳ ಕಾಲ ಚರ್ಚಿಸಿದವರು. ಬೆಂಕಿ ಇದ್ದಲ್ಲಿ ಹೊಗೆ ಇದ್ದೇ ಇರುತ್ತದೆ ಎನ್ನುವಂತಿಲ್ಲ. ಕಾದು ಕೆಂಪಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಏಳಲು ಹಸಿ ಸೌದೆ ಬೇಕು. ಆ ಹಸಿ ಸೌದೆಯೇ ಉಪಾಧಿ. ಡ್ಯಾಮಿನ ನೀರೂ ಅಂಥದ್ದೇ.

ಜನ ತಪ್ಪುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಹೋದ ವರ್ಷ ಎರಡನೇ ಬೆಳೆಗೆ ನೀರು ಸಿಕ್ಕಿತೆಂದು ಈ ವರ್ಷವೂ ಸಿಗುತ್ತದೆ ಎಂದು ಸಸಿ ಮಡಿ ಹಾಕುವುದು ತಪ್ಪೇ, ಅದರಿಂದ ಸಾಲವೂ ಆಗುತ್ತದೆ. ಆ ತಪ್ಪು ಬೇರೆ, ಈ ವಿವೇಕ ಬೇರೆ. ಎರಡಕ್ಕೂ ಒಂದೇ ಸೊನ್ನೆ ಹಾಕಿದರೆ ಮಕ್ಕಳು ತಮ್ಮ ಒಳ್ಳೆಯ ಯೋಚನೆಯನ್ನೇ ಅನುಮಾನಿಸಲು ಕಲಿಯುತ್ತಾರೆ.

ಮುಂದಿನ ಪರೀಕ್ಷೆಯಲ್ಲಿ ಉತ್ತರದ ಪಕ್ಕ ‘ಯಾಕೆ?’ ಎಂದು ಕೇಳಿ, ಎರಡು ಸಾಲು ಬರೆಯಲು ಜಾಗ ಬಿಡಿ. ಅಂಕ ಕೊಡುವ ಮುನ್ನ ಅದನ್ನು ಓದಿ.

ಇತಿ,
ಕೆಂಚನಗುಡ್ಡದ ಒಬ್ಬ ಭತ್ತದ ಬೆಳೆಗಾರ