ಸಾಯಂಕಾಲೀನ ದ್ವಿಚಕ್ರ ಮೀಮಾಂಸೆ: ಸಿಂಗಪುರ ಖಂಡ

ಗೈಡ್‌ನ ಹಿಂದೆ ಸಾಲಾಗಿ ಸೈಕಲ್ ತುಳಿಯುತ್ತ, ರಾತ್ರಿಯೂಟದೊಳಗೆ ಒಂದು ಊರಿನ ಸಕಲ ಸಂಸ್ಕೃತಿಗಳನ್ನೂ ನೋಡಿ ಮುಗಿಸುವುದೇ ಸಾಯಂಕಾಲೀನ ದ್ವಿಚಕ್ರ ಯಾತ್ರೆ. ಈ ಲಕ್ಷಣದಲ್ಲಿ 'ಗೈಡ್‌ನ ಹಿಂದೆ' ಎಂಬ ಪದ ಏಕೆ? ಅದನ್ನು ಬಿಟ್ಟರೆ ಊಟದ ಪಾರ್ಸೆಲ್ ಹಂಚುವ ಹುಡುಗನಿಗೂ ಲಕ್ಷಣ ಅನ್ವಯಿಸಿ ಅತಿವ್ಯಾಪ್ತಿ ದೋಷ ತಗಲುತ್ತದೆ. ಬಿರಿಯಾನಿ, ನೂಡಲ್ಸ್, ನಾಸಿ ಲೆಮಾಕ್ ಮೂರನ್ನೂ ಮೂರು ಮತದವರ ಬಾಗಿಲಿಗೆ ಮುಟ್ಟಿಸುವವನು ಅವನೇ. ಆದರೆ ಅವನಿಗೆ ಯಾರೂ ವಿವರಣೆ ಕೊಡುವುದಿಲ್ಲವಾದ್ದರಿಂದ ಅದು ಯಾತ್ರೆಯಲ್ಲ, ದುಡಿಮೆ.

ಕಾಲನಿರ್ಣಯ ಸುಲಭ. ಸಿಂಗಪುರ ಭೂಮಧ್ಯರೇಖೆಯ ಮಗ್ಗುಲಲ್ಲೇ ಇರುವುದರಿಂದ ಸೂರ್ಯ ವರ್ಷವಿಡೀ ಏಳು ಗಂಟೆಯ ಆಸುಪಾಸಿನಲ್ಲಿ ಮುಳುಗುತ್ತಾನೆ, ಪಂಚಾಂಗ ಬೇಕಿಲ್ಲ. ಸಂಖ್ಯಾನಿರ್ಣಯ ಮಾತ್ರ ಜಟಿಲ. 2022ರ ಜನವರಿಯಿಂದ ಅಲ್ಲಿನ ರಸ್ತೆಯಲ್ಲಿ ಒಂದೇ ಸಾಲಾಗಿ ಹೋಗುವ ಗುಂಪಿನಲ್ಲಿ ಐದಕ್ಕಿಂತ ಹೆಚ್ಚು ಸೈಕಲ್ ಇರಕೂಡದು. ಎರಡು ಗುಂಪುಗಳ ನಡುವೆ ಸುಮಾರು 30 ಮೀಟರ್ ಅಂತರವಿರಲಿ ಎಂಬ ಸಲಹೆಯೂ ಉಂಟು. ಹಾಗಾಗಿ ಆರನೆಯ ಸವಾರ ಶಾಸ್ತ್ರೀಯವಾಗಿ ಬೇರೆಯೇ ಪಂಥ. ಗೈಡ್ ಮಸೀದಿಯೆದುರು ಆಡಿದ ಮಾತು ಬಾಯಿಂದ ಬಾಯಿಗೆ ದಾಟಿ ಅವನನ್ನು ಮುಟ್ಟುವಾಗ ಅವನು ದೇವಸ್ಥಾನದೆದುರು ಇರುತ್ತಾನೆ. ಸರ್ವಧರ್ಮ ಸಮನ್ವಯದ ಮೂಲ ಇದೇ ಎಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

ಈ ಪಂಥದ ಮೂಲಗ್ರಂಥ ಒಂದು ನಕ್ಷೆ. 1822ರಲ್ಲಿ ಬ್ರಿಟಿಷ್ ಅಧಿಕಾರಿ ರಾಫಲ್ಸ್‌ನ ಅಪ್ಪಣೆಯಂತೆ ಎಂಜಿನಿಯರ್ ಲೆಫ್ಟಿನೆಂಟ್ ಜಾಕ್ಸನ್ ಊರನ್ನು ಗೆರೆ ಎಳೆದು ಹಂಚಿದ: ಚೀನಿಯರು ಇಲ್ಲಿ, ಅರಬರು ಅಲ್ಲಿ, ಬುಗಿಸರು ಆಚೆ, ಚೂಲಿಯರು ಈಚೆ, ಒಳ್ಳೆಯ ಜಾಗ ಯುರೋಪಿಯನ್ನರಿಗೆ. ಇಂದಿನ ಗೈಡ್ ಜಾಕ್ಸನ್ನನ ಮಾನಸಪುತ್ರ. ಒಂದೊಂದು ತಿರುವಿನಲ್ಲೂ ಕೈಚಾಚಿ "ಈಗ ಭಾರತ ಮುಗಿಯಿತು, ಅರಬ್ ಶುರು" ಎನ್ನುವನು.

ಪೂರ್ವಪಕ್ಷ: ಹಾಗಿದ್ದರೆ ಲಿಟ್ಲ್ ಇಂಡಿಯಾ ಆ ನಕ್ಷೆಯಲ್ಲಿ ಎಲ್ಲಿದೆ? ಸಮಾಧಾನ: ಇಲ್ಲ. ಸೆರಂಗೂನ್ ರಸ್ತೆಯ ಆಸುಪಾಸಿನಲ್ಲಿ ನೀರೂ ಹುಲ್ಲೂ ಇದ್ದವು, ದನದ ವ್ಯಾಪಾರ ಬೆಳೆಯಿತು, ದನದ ಹಿಂದೆ ನಮ್ಮವರು ಬಂದರು. ಬಫಲೋ ರೋಡ್ ಇಂದಿಗೂ ಸಾಕ್ಷಿ ನುಡಿಯುತ್ತದೆ. ಅರ್ಥಾತ್, ಉಳಿದ ಕೇರಿಗಳನ್ನು ಲೆಫ್ಟಿನೆಂಟ್ ಯೋಜಿಸಿದ. ಇದನ್ನು ಎಮ್ಮೆ ಯೋಜಿಸಿತು. ಇವರಿಬ್ಬರಲ್ಲಿ ಯಾರ ಕೆಲಸ ಹೆಚ್ಚು ಬಾಳಿತೆಂದು ವಿದ್ವಾಂಸರು ಚರ್ಚಿಸಬೇಕು.

ಇದೇ ಕೇರಿಯಲ್ಲಿ ಪುಷ್ಪಾಧಿಕರಣವೆಂಬ ಮಹಾಚರ್ಚೆ ಏಳುತ್ತದೆ. ಯಾತ್ರೆಗೆ ಬಂದ ಕನ್ನಡದ ಗೃಹಿಣಿ ಮಲ್ಲಿಗೆ ದಂಡೆ ಕೊಳ್ಳುತ್ತಾಳೆ. ಕೊಳ್ಳದೆ ಮುಂದೆ ಹೋಗುವುದುಂಟೇ? ಆದರೆ ರಸ್ತೆಗಿಳಿದ ಸೈಕಲ್ ಸವಾರರಿಗೆ 2019ರಿಂದ ಹೆಲ್ಮೆಟ್ ಕಡ್ಡಾಯ.

"ರೀ, ಇದನ್ನ ಎಲ್ಲಿ ಮುಡೀಲಿ?"

"ಹ್ಯಾಂಡಲ್‌ಗೆ ಸುತ್ತೇ."

"ಹ್ಯಾಂಡಲ್‌ಗೆ ಸುತ್ತೋಕೆ ಇದೇನು ಆಯುಧಪೂಜೆನಾ?"

ಹೆಲ್ಮೆಟ್ಟಿನ ಹೊರಗೆ ಸುತ್ತಿದರೂ ಮುಡಿದಂತೆಯೇ ಎಂದು ನವ್ಯರು. ಕೂದಲು ತಾಗದ ಹೂವು ಮುಡಿದದ್ದಲ್ಲ, ಹೊತ್ತದ್ದು ಎಂದು ಸಂಪ್ರದಾಯದವರು. ಈ ವಾದ ಬಗೆಹರಿಯುವ ಮೊದಲೇ ವೀರಮಾಕಾಳಿಯಮ್ಮನ ಗುಡಿ ಬರುತ್ತದೆ. ಯಜಮಾನರು ಹ್ಯಾಂಡಲ್ ಬಿಟ್ಟು ಗಲ್ಲ ಬಡಿದುಕೊಳ್ಳುತ್ತಾರೆ. ಹಿಂದಿನ ಆಸ್ಟ್ರೇಲಿಯನ್ ಸವಾರ ಅದನ್ನು ತಿರುವಿನ ಸಂಜ್ಞೆಯೆಂದು ಬಗೆದು ಪಕ್ಕದ ಗಲ್ಲಿಗೆ ನುಗ್ಗುತ್ತಾನೆ. ಅಂಗಸಂಜ್ಞೆಗಳ ತೌಲನಿಕ ಅಧ್ಯಯನ ಇನ್ನೂ ಶೈಶವಾವಸ್ಥೆಯಲ್ಲಿದೆ.

ಕಾಂಪೊಂಗ್ ಗ್ಲಾಮ್‌ನ ಸುಲ್ತಾನ್ ಮಸೀದಿಯ ಬಗ್ಗೆ ಪರಿಹಾಸ್ಯ ಮಾಡಲು ಮನಸ್ಸು ಬಾರದು. ಅದರ ಚಿನ್ನದ ಬಣ್ಣದ ಗುಮ್ಮಟದ ಬುಡದಲ್ಲಿ ಕಪ್ಪು ಪಟ್ಟಿಯಂತೆ ಕಾಣುವುದು ಗಾಜಿನ ಬಾಟಲಿಗಳ ತಳ. ದುಡ್ಡು ಕೊಡಲಾಗದ ಬಡವರು ಬಾಟಲಿ ಕೊಟ್ಟರು. ಕಟ್ಟಿದವರು ಅದನ್ನು ಎಲ್ಲರಿಗೂ ಕಾಣುವ ಎತ್ತರದಲ್ಲಿ ಇಟ್ಟರು. ಕತ್ತೆತ್ತಿ ನೋಡುವವರು ಮೊದಲು ಬ್ರೇಕ್ ಹಿಡಿಯಬೇಕೆಂಬುದಷ್ಟೇ ಇಲ್ಲಿನ ವಿಧಿ.

ಚೈನಾಟೌನ್‌ನಲ್ಲಿ ಸಿದ್ಧಾಂತಕ್ಕೆ ಪಂಕ್ಚರ್ ಆಗುತ್ತದೆ. "ಇನ್ನು ಚೀನಾ" ಎಂದು ಗೈಡ್ ಘೋಷಿಸಿದ ಸೌತ್ ಬ್ರಿಡ್ಜ್ ರಸ್ತೆಯಲ್ಲಿ ಎದುರಾಗುವುದು 1827ರಲ್ಲಿ ನೆಲೆಗೊಂಡ ಮಾರಿಯಮ್ಮ, ಆ ಊರಿನ ಅತಿ ಹಳೆಯ ಹಿಂದೂ ದೇವಸ್ಥಾನ. ಪಕ್ಕದ ಪಗೋಡ ಸ್ಟ್ರೀಟ್‌ಗೆ ಹೆಸರು ಬಂದದ್ದೂ ಅವಳ ಗೋಪುರದಿಂದಲೇ ಎನ್ನುತ್ತಾರೆ. ನಾಲ್ಕು ಪೆಡಲ್ ತುಳಿದರೆ ಚೂಲಿಯರು, ಅಂದರೆ ತಮಿಳು ಮುಸ್ಲಿಮರು, ಕಟ್ಟಿದ ಜಾಮೆ ಮಸೀದಿ. ಎರಡೂ ಚೀನಿಯರ ಅಂಗಡಿಗಳ ನಡುವೆ ಇನ್ನೂರು ವರ್ಷದಿಂದ ಕೂತಿವೆ. ಇವಕ್ಕೆ ಜಾಕ್ಸನ್ನನ ನಕ್ಷೆ ತಲುಪಿಲ್ಲ. ಗೈಡ್ ಗಂಟಲು ಸರಿಪಡಿಸಿಕೊಂಡು "ಇದೂ ಚೈನಾಟೌನೇ" ಎನ್ನುತ್ತಾನೆ. ಕಡಲದಂಡೆಯಲ್ಲಿದ್ದ ಥಿಯಾನ್ ಹಾಕ್ ಕೆಂಗ್ ಗುಡಿಯ ಮುಂದಂತೂ ಕಡಲೇ ಎದ್ದು ಹೋಗಿದೆ, ಮಣ್ಣು ತುಂಬಿಸಿ ಊರು ಬೆಳೆಸಿದ್ದಾರೆ.

ಇಷ್ಟೆಲ್ಲ ಕೇರಿ ಸುತ್ತಿಸುವ ಯಾತ್ರೆ ಜನರು ನಿಜಕ್ಕೂ ವಾಸಿಸುವ ಕಡೆ ತಲೆ ಹಾಕುವುದಿಲ್ಲ. ನಾಡಿಗರಲ್ಲಿ ಸುಮಾರು ಮುಕ್ಕಾಲು ಪಾಲು ಇರುವುದು ಸರ್ಕಾರ ಕಟ್ಟಿದ ಫ್ಲಾಟುಗಳಲ್ಲಿ. ಒಂದೊಂದು ಬ್ಲಾಕಿನಲ್ಲೂ ಯಾವ ಜನಾಂಗ ಎಷ್ಟು ಮೀರಕೂಡದೆಂದು 1989ರಿಂದ ಮಿತಿ ಇದೆ. ರಾಫಲ್ಸ್ ಬೇರೆ ಮಾಡಿದ್ದನ್ನು ಸರ್ಕಾರ ಲೆಕ್ಕ ಹಾಕಿ ಕಲಸಿತು. ಬಹುಸಂಸ್ಕೃತಿಯ ದರ್ಶನ ಬೇಕಾದವನು ಬೆಳಗಿನ ಎಂಟು ಗಂಟೆಗೆ ಅಲ್ಲಿನ ಲಿಫ್ಟಿನಲ್ಲಿ ನಿಲ್ಲಬೇಕು. ಆದರೆ ಲಿಫ್ಟಿನಲ್ಲಿ ಸೈಕಲ್ ತುಳಿಯಲಾಗದು, ಟಿಕೆಟ್ ಮಾರಲೂ ಆಗದು.

ಕೊನೆಯ ಅಧಿಕರಣ ಹಾಕರ್ ಸೆಂಟರ್, ಅಂದರೆ ಊಟದಂಗಡಿಗಳೆಲ್ಲ ಒಂದೇ ಸೂರಿನಡಿ ಸೇರಿದ ಜಾಗ. ಯುನೆಸ್ಕೊ 2020ರಲ್ಲಿ ಈ ಆಹಾರ ಸಂಸ್ಕೃತಿಯನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನ ಭೂಹಂಚಿಕೆ ಶಾಸ್ತ್ರದ ಕಡೆಗೆ ಯಾರ ಗಮನವೂ ಹೋಗಿಲ್ಲವೆಂದು ತೋರುತ್ತದೆ. ಟೇಬಲ್ಲಿನ ಮೇಲೆ ಒಂದು ಟಿಶ್ಯೂ ಪ್ಯಾಕೆಟ್ ಇಟ್ಟರೆ ಆ ಜಾಗ ಇಟ್ಟವರದು. ನಮ್ಮ ಕೆಂಪು ಬಸ್ಸಿನ ಕಿಟಕಿಯಿಂದ ಒಳಗೆಸೆದ ಟವೆಲ್ಲಿಗೆ ಇರುವಷ್ಟೇ ಅಧಿಕಾರ ಅದಕ್ಕೆ. ಚೀನಿ, ಮಲಯ, ತಮಿಳ, ಕೋಟುಧಾರಿ ಬ್ಯಾಂಕರ್, ಯಾರೂ ಅದನ್ನು ಸರಿಸುವುದಿಲ್ಲ.

ಯಜಮಾನರ ಬಳಿ ಟಿಶ್ಯೂ ಇರಲಿಲ್ಲ. ಹೆಲ್ಮೆಟ್ ಇಟ್ಟು ಸಾಟೆ ತರಲು ಹೋದರು. ವಾಪಸ್ ಬರುವಷ್ಟರಲ್ಲಿ ಚೀನೀ ಅಜ್ಜಿಯೊಬ್ಬರು ಹೆಲ್ಮೆಟ್ಟನ್ನು ಕೆಳಗಿಳಿಸಿ ಮೀನಿನ ಸಾರು ಉಣ್ಣುತ್ತಿದ್ದರು. ಮಲ್ಲಿಗೆ ದಂಡೆ ಇಟ್ಟಿದ್ದರೆ ನಡೆಯುತ್ತಿತ್ತೇ ಎಂದು ಕೇಳಿದ್ದಕ್ಕೆ ಗೈಡ್, ತನ್ನ ಪಾಳಿ ಮುಗಿಯಿತು ಎಂದ.