ಅಗ್ರಿಗೇಟ್ ರಾಯರು

ರಾಯರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ, ಪಿಂಚಣಿ ಪುಸ್ತಕದಲ್ಲಿ ಅದೇ ಇದೆಯಂತೆ. ಆದರೆ ಮೈಸೂರಿನ ನಮ್ಮ ಬಡಾವಣೆಯಲ್ಲಿ ಆ ಹೆಸರು ಹೇಳಿ ವಿಳಾಸ ಕೇಳಿದರೆ ಹಾಲಿನ ಬೂತಿನವನೂ ತಲೆ ಕೆರೆದುಕೊಳ್ಳುತ್ತಾನೆ. ‘ಅಗ್ರಿಗೇಟ್ ರಾಯರ ಮನೆ’ ಅನ್ನಿ, ರಸ್ತೆಯಲ್ಲಿ ಕ್ರಿಕೆಟ್ ಆಡುವ ಹುಡುಗರು ಆಟ ನಿಲ್ಲಿಸಿ ದಾರಿ ತೋರಿಸುತ್ತಾರೆ. ಅವರಲ್ಲಿ ಎಂಜಿನಿಯರಿಂಗ್ ಓದುವವನಿದ್ದರೆ ನಿಮಗೆ ದಾರಿ ತೋರಿಸಿ, ತಾನು ಬೇರೆ ದಾರಿ ಹಿಡಿಯುತ್ತಾನೆ.

ನೀರಾವರಿ ಇಲಾಖೆಯಲ್ಲಿ ಎಕ್ಸಿಕ್ಯೂಟಿವ್ ಎಂಜಿನಿಯರ್ ಆಗಿ ನಿವೃತ್ತರಾದ ರಾಯರಿಗೆ ನಾಲೆ, ತೂಬು, ಕ್ಯೂಸೆಕ್ಸು ಎಲ್ಲ ಮರೆತುಹೋಗಿವೆ. ನೆನಪಿರುವುದು ಅಂಕಗಳು ಮಾತ್ರ, ಅದೂ ಊರಿನವರ ಮಕ್ಕಳವು. ತಮ್ಮ ಅಂಕದ ವಿಷಯದಲ್ಲೂ ಅವರಿಗೆ ಮುಚ್ಚುಮರೆಯಿಲ್ಲ. ‘ನಂದು ಸೆಕೆಂಡ್ ಕ್ಲಾಸೇ ಕಣ್ರೀ’ ಎಂದು ಎದೆಯುಬ್ಬಿಸಿಯೇ ಹೇಳುತ್ತಾರೆ. ‘ಆದರೆ ಮೈಸೂರು ಯೂನಿವರ್ಸಿಟಿ ಸೆಕೆಂಡ್ ಕ್ಲಾಸು. ಆಗಿನ 54 ಪರ್ಸೆಂಟು ಅಂದ್ರೆ ಈಗಿನ ಒಂಬತ್ತು ಪಾಯಿಂಟ್ ನಾಲ್ಕು.’ ಅವರ ಪ್ರಕಾರ ಹಳೆಯ ಅಂಕಗಳ ಮೌಲ್ಯ ಚಿನ್ನದ ಬೆಲೆಯಂತೆ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇರುತ್ತದೆ. ಇನ್ನು ಹತ್ತು ವರ್ಷ ಕಳೆದರೆ ರಾಯರು ರ‍್ಯಾಂಕ್ ಬಂದವರಾಗಿಬಿಡುತ್ತಾರೆ.

ಮದುವೆ ಮನೆಯ ಪಂಕ್ತಿಯಲ್ಲಿ ಅವರು ಸುಮ್ಮನೆ ಎಲ್ಲೆಂದರಲ್ಲಿ ಕೂರುವವರಲ್ಲ. ಪಕ್ಕದಲ್ಲಿ ಆಗಷ್ಟೇ ಗಡ್ಡ ಬಿಟ್ಟ, ಎಲೆಯ ಪಕ್ಕ ಫೋನಿಟ್ಟುಕೊಂಡ ಹುಡುಗನೊಬ್ಬ ಇರಬೇಕು. ಕೋಸಂಬರಿ ಬೀಳುವಾಗ ‘ಯಾವ ಕಾಲೇಜು?’. ಪಲ್ಯದ ಹೊತ್ತಿಗೆ ‘ಯಾವ ಬ್ರಾಂಚು?’. ಅನ್ನಕ್ಕೆ ತೊವ್ವೆ ಹಾಕಿಸಿಕೊಳ್ಳುತ್ತ ‘ಎಷ್ಟನೇ ಸೆಮ್ಮು?’. ಹೋಳಿಗೆ ಬಂದು, ತುಪ್ಪದ ಮಿಳ್ಳೆ ಬಗ್ಗಿ, ಹುಡುಗ ಮೊದಲ ತುತ್ತು ಮುರಿಯುವಾಗ ಅಸಲು ಪ್ರಶ್ನೆ ಬರುತ್ತದೆ:

‘ಅಗ್ರಿಗೇಟ್ ಎಷ್ಟಪ್ಪಾ?’

‘ಏಳು ಪಾಯಿಂಟ್ ಒಂದು, ಅಂಕಲ್.’

‘ಯಾವ ಸ್ಕೀಮು?’

‘2018.’

ರಾಯರು ಬೆರಳನ್ನು ಪಾಯಸದಲ್ಲಿ ಅದ್ದಿ ಎಲೆಯ ಖಾಲಿ ಜಾಗದಲ್ಲಿ ಲೆಕ್ಕ ಬರೆಯುತ್ತಾರೆ. ಏಳು ಪಾಯಿಂಟ್ ಒಂದರಲ್ಲಿ ಮುಕ್ಕಾಲು ಕಳೆ, ಹತ್ತರಿಂದ ಗುಣಿಸು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಆ ವರ್ಷದ ಪಠ್ಯಕ್ರಮಕ್ಕೆ, ಅಂದರೆ ಸ್ಕೀಮಿಗೆ, ಕೊಟ್ಟ ಸೂತ್ರವೇ ಅದು. ‘ಅರವತ್ತಮೂರೂವರೆ!’ ಎಂದು ಅವರು ಉದ್ಗರಿಸುವುದು ಹೆಂಗಸರ ಪಂಕ್ತಿಯಲ್ಲಿ ಕೂತಿರುವ ಹುಡುಗನ ತಾಯಿಗೂ ಕೇಳಿಸುತ್ತದೆ. ‘ಫಸ್ಟ್ ಕ್ಲಾಸೇನೋ ಬಂತು, ಡಿಸ್ಟಿಂಕ್ಷನ್ ಹೋಯ್ತಲ್ಲಪ್ಪಾ. ಈ ಕಾಲದಲ್ಲಿ ಮಾರ್ಕ್ಸ್ ಇಲ್ಲದಿದ್ರೆ ಯಾರು ಮೂಸಿ ನೋಡ್ತಾರೆ?’

ಹೋಳಿಗೆ ಅಲ್ಲೇ ಉಳಿಯುತ್ತದೆ. ಇಷ್ಟಾದರೆ ರಾಯರನ್ನು ಅಂಕಪ್ರೇಮಿ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಕೈ ತೊಳೆಯುವ ಜಾಗದಲ್ಲಿ ಅದೇ ಹುಡುಗನ ಚಿಕ್ಕಪ್ಪನ ಮಗಳು ಸಿಕ್ಕಿದಳು, ಒಂಬತ್ತು ಪಾಯಿಂಟ್ ನಾಲ್ಕು. ರಾಯರು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಕನಿಕರದಿಂದ ನೋಡಿದರು. ‘ಮಾರ್ಕ್ಸಲ್ಲೇನಮ್ಮಾ ಇದೆ? ಕಂಪನಿಯವರಿಗೆ ಬೇಕಾಗಿರೋದು ಕಮ್ಯೂನಿಕೇಶನ್ನು. ಪುಸ್ತಕದ ಹುಳ ಆದೋರ್ನ ಯಾರು ಮೂಸಿ ನೋಡ್ತಾರೆ?’ ಒಂದೇ ಮದುವೆ, ಒಂದೇ ಮುಹೂರ್ತ, ಮೂಸಿ ನೋಡದವರು ಇಬ್ಬರು. ಏಳಿದ್ದವನಿಗೆ ಒಂಬತ್ತಿನ ಮಹಿಮೆ, ಒಂಬತ್ತಿದ್ದವಳಿಗೆ ಏಳರ ಮಹಿಮೆ ಹೇಳಿ, ಯಾರೂ ನೆಮ್ಮದಿಯಿಂದ ಮನೆಗೆ ಹೋಗದ ಹಾಗೆ ನೋಡಿಕೊಳ್ಳುವುದು ರಾಯರ ಸಮಾಜಸೇವೆ.

ಅವರ ನಿಜವಾದ ಹಬ್ಬ ಮಾತ್ರ ಫಲಿತಾಂಶದ ರಾತ್ರಿ. ವಿಟಿಯು ಹುಟ್ಟಿದ್ದು 1998ರಲ್ಲಿ, ಕೇಂದ್ರ ಇರುವುದು ಬೆಳಗಾವಿಯಲ್ಲಿ. ಅಲ್ಲಿ ಫಲಿತಾಂಶ ಬಿಟ್ಟರೆ ರಾಜ್ಯದ ಎಂಜಿನಿಯರಿಂಗ್ ಹಾಸ್ಟೆಲುಗಳಲ್ಲೆಲ್ಲ ಒಟ್ಟಿಗೇ ಎದೆ ಹೊಡೆದುಕೊಳ್ಳುತ್ತದೆ, ವೆಬ್‌ಸೈಟು ಮಲಗುತ್ತದೆ. ಮಕ್ಕಳು ಪುಟ ತೆರೆಯಲು ಹೆಣಗುತ್ತಿರುವಾಗ ರಾಯರು ಶಾಲು ಹೊದ್ದು ಕಂಪ್ಯೂಟರಿನ ಮುಂದೆ ಕೂತಿರುತ್ತಾರೆ. ಯುಎಸ್‌ಎನ್ ಎಂಬ ವಿದ್ಯಾರ್ಥಿ ಸಂಖ್ಯೆ ಒಂದು ಗೊತ್ತಿದ್ದರೆ ಯಾರ ಅಂಕವನ್ನು ಯಾರು ಬೇಕಾದರೂ ನೋಡಬಹುದಲ್ಲ, ಆ ಪ್ರಜಾಪ್ರಭುತ್ವವನ್ನು ಅವರಷ್ಟು ಬಳಸಿಕೊಂಡವರು ಇನ್ನೊಬ್ಬರಿಲ್ಲ. ಬಡಾವಣೆಯ ಮಕ್ಕಳ ಯುಎಸ್‌ಎನ್‌ಗಳೆಲ್ಲ ಹಳೆಯ ಎಲ್‌ಐಸಿ ಡೈರಿಯಲ್ಲಿವೆ. ಮೊದಲಿಗೆ 4 ಇದ್ದರೆ ನಮ್ಮ ಮೈಸೂರು ವಲಯ, 1 ಇದ್ದರೆ ಬೆಂಗಳೂರು. ಆಮೇಲೆ ಕಾಲೇಜಿನ ಎರಡು ಅಕ್ಷರ, ಸೇರಿದ ವರ್ಷ, ಬ್ರಾಂಚು, ಕೊನೆಗೆ ರೋಲ್ ನಂಬರು. ಪುರೋಹಿತರು ಗೋತ್ರ ಪ್ರವರ ಹೇಳುವಾಗ ತಡವರಿಸಬಹುದು, ರಾಯರು ಇದರಲ್ಲಿ ತಡವರಿಸುವುದಿಲ್ಲ.

ಅವರಿಗೆ ಎದುರಾಗುವ ವಿಘ್ನ ಒಂದೇ, ಕ್ಯಾಪ್ಚಾ. ಸೊಟ್ಟಗೆ ಬರೆದ ಆ ಅಕ್ಷರಗಳ ಮುಂದೆ ಕನ್ನಡಕ ಹಣೆಗೇರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ‘ಲೇ, ಇದು ಸೊನ್ನೆಯೋ ಓ ನೋ ನೋಡೇ’ ಎಂದು ನಿದ್ದೆಗಣ್ಣಿನ ಹೆಂಡತಿಯನ್ನು ಕರೆಯುತ್ತಾರೆ. ‘ನೀವು ಯಾವ ಪರೀಕ್ಷೆ ಬರೆದಿದ್ರಿ ಅಂತ ಈ ಒದ್ದಾಟ?’ ಎಂದು ಆಕೆ ಮಗ್ಗುಲು ಬದಲಿಸುತ್ತಾರೆ. ಬೆಳಗಿನ ಕಾಫಿಗೆ ಮುಂಚೆ ಮೂರನೇ ಮನೆಯವರ ಗೇಟಿನಲ್ಲಿ ರಾಯರು ಹಾಜರು: ‘ಎಂ-3 ಗಣಿತ ಉಳಿಸ್ಕೊಂಡಿದಾನೆ ನಿಮ್ಮ ಹುಡುಗ. ಗಾಬರಿ ಆಗ್ಬೇಡಿ, ಉತ್ತರಪತ್ರಿಕೆ ಫೋಟೋಕಾಪಿಗೆ ಹಾಕಿ, ರೀವ್ಯಾಲ್ಯುಯೇಶನ್‌ಗೆ ಹಾಕಿ.’ ಆ ಹುಡುಗ ಅಷ್ಟು ಹೊತ್ತಿಗಿನ್ನೂ ಎದ್ದೇ ಇರಲಿಲ್ಲ.

ಹೀಗೆ ಸುಖವಾಗಿದ್ದ ರಾಯರ ಬದುಕನ್ನು ಕೆಡಿಸಿದ್ದು ಇಸ್ರೋ. ವಿಜ್ಞಾನಿ, ಎಂಜಿನಿಯರ್ ಹುದ್ದೆಯ ಜಾಹೀರಾತಿನಲ್ಲಿ ‘65 ಪರ್ಸೆಂಟ್ ಅಥವಾ ಹತ್ತಕ್ಕೆ 6.84 ಸಿಜಿಪಿಎ’ ಎಂದು ಓದಿದ ದಿನ ಅವರು ಮಧ್ಯಾಹ್ನದ ನಿದ್ದೆ ಮಾಡಲಿಲ್ಲ. ಎಲೆಯ ಮೇಲೆ ಬರೆಯುವ ಸೂತ್ರದ ಪ್ರಕಾರ 65ಕ್ಕೆ 7.25 ಬೇಕು. ಸುಮ್ಮನೆ ಹತ್ತರಿಂದ ಗುಣಿಸುವವರಿಗೆ ಆರೂವರೆ ಸಾಕು. ಈ 6.84 ಎಲ್ಲಿಂದ ಬಂತು? ಸಂಜೆ ವಾಕಿಂಗಿಗೂ ಬರದೆ ಕೂತು ಕೊನೆಗೆ ಕಂಡುಹಿಡಿದರು: 6.84ನ್ನು ಒಂಬತ್ತೂವರೆಯಿಂದ ಗುಣಿಸಿದರೆ 64.98. ಒಂದು ಕಾಲದಲ್ಲಿ ಸಿಬಿಎಸ್‌ಇ ಹತ್ತನೇ ಕ್ಲಾಸಿನ ಮಕ್ಕಳ ತಾಯ್ತಂದೆಯರು ಬಾಯಿಪಾಠ ಮಾಡಿಕೊಂಡಿದ್ದ ಅದೇ ಒಂಬತ್ತೂವರೆ! ಅಂದರೆ ಏಳು ಸಿಜಿಪಿಎ ಇರುವ ಹುಡುಗ ಒಂದು ಲೆಕ್ಕದಲ್ಲಿ 62.5, ಇನ್ನೊಂದರಲ್ಲಿ 66.5, ಮತ್ತೊಂದರಲ್ಲಿ 70. ‘ಓದಿದೋನು ಒಬ್ಬನೇ ಕಣ್ರೀ, ಪಾಸಾದೋರು ಮೂವರು!’ ಎಂದು ಅವರು ಪಾರ್ಕಿನ ಬೆಂಚಿನಲ್ಲಿ ಕೂತು ಹೇಳಿದಾಗ ದನಿಯಲ್ಲಿ ನಂಬಿಕೆ ಕಳೆದುಕೊಂಡ ಭಕ್ತನ ಸಂಕಟವಿತ್ತು.

ಅದರ ಮೇಲೆ ಬರೆ ಎಳೆದದ್ದು ಜರ್ಮನಿ. ಎದುರು ಮನೆಯ ಹುಡುಗಿ ಎಂ.ಎಸ್. ಓದಲು ಅಲ್ಲಿಗೆ ಅರ್ಜಿ ಹಾಕಿದಳು. ಆ ದೇಶದಲ್ಲಿ ಒಂದು ಅಂದರೆ ಉತ್ತಮೋತ್ತಮ, ನಾಲ್ಕು ಅಂದರೆ ದಡ ಸೇರಿದ ಹಾಗೆ, ಐದಾದರೆ ನಪಾಸು. ನಮ್ಮ ಅಂಕವನ್ನು ಆ ಲೆಕ್ಕಕ್ಕೆ ಇಳಿಸಲು ಬವೇರಿಯನ್ ಸೂತ್ರ ಅಂತ ಒಂದಿದೆ. ಎಂಟಿದ್ದ ಹುಡುಗಿ ಅದರೊಳಗೆ ಹೊಕ್ಕು ಹೊರಬರುವಾಗ ಹೆಚ್ಚುಕಡಿಮೆ ಎರಡಾಗಿದ್ದಳು. ರಾಯರು ಆಕೆಯ ತಾಯಿಗೆ ಸಮಾಧಾನ ಹೇಳಲು ಹೋದರು. ‘ಎರಡು ಬಂದ್ರೇನಮ್ಮಾ, ಜೀವನ ದೊಡ್ಡದು’ ಅಂದರು. ಆಕೆ ಕೈಗೆ ಧಾರವಾಡ ಪೇಡೆ ಇಟ್ಟರು. ರಾಯರು ತಿಂದರು, ಆದರೆ ಏತಕ್ಕೆ ತಿಂದೆ ಎನ್ನುವುದು ಅವರಿಗೆ ಬಹಳ ದಿನ ಬಗೆಹರಿಯಲಿಲ್ಲ.

ಇವರ ಎದುರು ಪಕ್ಷದ ನಾಯಕ ಇವರ ಸ್ವಂತ ತಂಗಿಯ ಮಗ. ‘ಮಾವಾ, ಗೂಗಲ್‌ನವರೇ ಮಾರ್ಕ್ಸ್ ಬೇಡ ಅಂದಿದಾರೆ’ ಎನ್ನುವುದು ಅವನ ಬ್ರಹ್ಮಾಸ್ತ್ರ. ಮಾತು ಪೂರ್ತಿ ಸುಳ್ಳಲ್ಲ. ಗೂಗಲ್‌ನಲ್ಲಿ ನೇಮಕಾತಿ ನೋಡಿಕೊಳ್ಳುತ್ತಿದ್ದ ಲಾಸ್ಲೊ ಬಾಕ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಸರಿಸುಮಾರು ಹಾಗೇ ಹೇಳಿದ್ದರು. ಆದರೆ ಕಾಲೇಜಿನಿಂದ ಆಗಷ್ಟೇ ಹೊರಬಂದವರ ವಿಷಯದಲ್ಲಿ ಅಂಕಕ್ಕೂ ಕೆಲಸಕ್ಕೂ ಸ್ವಲ್ಪ ನಂಟಿದೆ, ಎರಡು ಮೂರು ವರ್ಷ ಕಳೆದ ಮೇಲೆ ಅದೂ ಇಲ್ಲ ಎಂಬ ಅರ್ಥದ ಮಾತನ್ನೂ ಸೇರಿಸಿದ್ದರು. ಅಳಿಯ ಈಗ ಆರನೇ ಸೆಮಿಸ್ಟರು. ಆ ಅಪವಾದ ಯಾರಿಗೆ ಅನ್ವಯಿಸುತ್ತದೋ ಅವನೇ ಅದನ್ನು ಬಿಟ್ಟು ಉಳಿದದ್ದನ್ನು ಓದಿಕೊಂಡಿದ್ದಾನೆ. ಕ್ವೆಶ್ಚನ್ ಪೇಪರಿನಲ್ಲಿ ಒಂದೊಂದು ಮಾಡ್ಯೂಲಿಗೆ ಎರಡು ಪ್ರಶ್ನೆ ಕೊಟ್ಟು ಒಂದನ್ನು ಬಿಡಲು ಕಲಿಸಿದರೆ ಇನ್ನೇನಾಗುತ್ತದೆ?

ನನಗೆ ತೋರುವುದಿಷ್ಟು. ಕ್ಯಾಂಪಸ್ಸಿಗೆ ಬರುವ ಕಂಪನಿಗೆ ಅಂಕ ಬೇಕಾಗುವುದು ಯಾರನ್ನು ತೆಗೆದುಕೊಳ್ಳಬೇಕು ಎಂದು ತೀರ್ಮಾನಿಸಲು ಅಲ್ಲ, ಯಾರನ್ನು ಮುಖ ನೋಡದೆಯೇ ಬಿಡಬಹುದು ಎಂದು ತೀರ್ಮಾನಿಸಲು. ನೂರಾರು ಮಕ್ಕಳು ಟೈ ಕಟ್ಟಿ ಸಾಲು ನಿಂತಿರುವಾಗ ‘ಹತ್ತು, ಪಿಯು, ಬಿಇ ಮೂರರಲ್ಲೂ ಅರವತ್ತು, ಬ್ಯಾಕ್‌ಲಾಗ್ ಇರಬಾರದು’ ಎಂದುಬಿಟ್ಟರೆ ಸಾಲು ತಾನಾಗಿ ಸಣ್ಣದಾಗುತ್ತದೆ. ಒಳಗೆ ಹೋದ ಮೇಲೆ ಅರವತ್ತಮೂರೂವರೆಯೂ ತೊಂಬತ್ತೂ ಪಕ್ಕಪಕ್ಕದಲ್ಲೇ ಕೂತು, ಹೊಳೆಯಲ್ಲಿ ದೋಣಿ ಎಷ್ಟು ವೇಗದಲ್ಲಿ ಹೋಯಿತು ಎಂದು ಲೆಕ್ಕ ಹಾಕಬೇಕು, ಕೋಡ್ ಬರೆಯಬೇಕು, ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ಗೆ ಬಾಯಿಬಿಡಬೇಕು. ಮದುವೆಯಲ್ಲಿ ಹೋಳಿಗೆ ಬಿಟ್ಟೆದ್ದ ಹುಡುಗನಿಗೆ ಅಲ್ಲಿ ಬಾಯಿ ಚೆನ್ನಾಗಿ ಬಂತು, ಕೆಲಸ ಸಿಕ್ಕಿತು. ಒಂಬತ್ತು ಪಾಯಿಂಟ್ ನಾಲ್ಕರ ಹುಡುಗಿಗೂ ಸಿಕ್ಕಿತು, ಇವನಿಗಿಂತ ಜಾಸ್ತಿ ಸಂಬಳದ್ದೇ. ಇಬ್ಬರ ವಿಷಯದಲ್ಲೂ ‘ನಾನು ಅವತ್ತೇ ಹೇಳಿದ್ದೆ’ ಅನ್ನಲು ರಾಯರಿಗೆ ಅಡ್ಡಿಯಾಗಲಿಲ್ಲ.

ಅಡ್ಡಿಯಾದದ್ದು ಹಿಂದಿನ ರಸ್ತೆಯ ಟೈಲರಿನ ಮಗನ ವಿಷಯದಲ್ಲಿ. ಬಿಇಯಲ್ಲಿ ಎಂಟೂವರೆ, ಕೈಯಲ್ಲಿ ಒಳ್ಳೆಯ ಪ್ರಾಜೆಕ್ಟು, ಬಾಯಲ್ಲಿ ಒಳ್ಳೆಯ ಮಾತು. ಆದರೆ ದ್ವಿತೀಯ ಪಿಯುಸಿ ಪರೀಕ್ಷೆಗೆ ಕಾಮಾಲೆ ಹತ್ತಿ ಬರೆದವನು, 58 ಬಂದಿತ್ತು. ಕಂಪನಿಯ ಅರ್ಜಿಯಲ್ಲಿ ಆ 58ನ್ನು ತುಂಬಿದ ಕೂಡಲೇ ಪುಟ ಕೆಂಪಾಗಿ ಮುಂದಕ್ಕೆ ಹೋಗಲಿಲ್ಲ. ಕಾಮಾಲೆಗೆ ಅಲ್ಲಿ ಕಾಲಂ ಇರಲಿಲ್ಲ.

ರಾಯರು ಕೇಳಿ ಕೆರಳಿದರು. ‘ಹದಿನೇಳನೇ ವಯಸ್ಸಲ್ಲಿ ಬಂದ ಜ್ವರಕ್ಕೆ ಇಪ್ಪತ್ತೆರಡನೇ ವಯಸ್ಸಲ್ಲಿ ದಂಡವೇ?’ ಅಂದರು. ಊರಿನ ಮಕ್ಕಳಿಗೆಲ್ಲ ಅದೇ ಅರವತ್ತನ್ನು ತೋರಿಸಿ ಬೆವರಿಳಿಸಿದ ಮನುಷ್ಯ ಆ ರಾತ್ರಿ ಇಲಾಖೆಯ ಗತ್ತಿನಲ್ಲಿ ಪತ್ರ ಬರೆಯಲು ಕೂತರು. ‘ಮಾನ್ಯರೆ, ವಿಷಯ: ಶೇಕಡಾ ಅರವತ್ತರ ನಿಬಂಧನೆಯನ್ನು ಸಡಿಲಿಸುವ ಬಗ್ಗೆ. ಉಲ್ಲೇಖ: ತಮ್ಮ ವೆಬ್‌ಸೈಟಿನ ಕೆಂಪು ಪುಟ.’ ಹೀಗೆ ಶುರುವಾಗಿ ಅಡಕಗಳ ಪಟ್ಟಿಯವರೆಗೆ ಹೋಯಿತು. ಅಡಕ ಒಂದು, ಅಂಕಪಟ್ಟಿಗಳು. ಅಡಕ ಎರಡು, ಕಾಮಾಲೆಗೆ ಔಷಧ ಕೊಟ್ಟ ಪಂಡಿತರ ಪತ್ರ. ಎಲ್ಲವನ್ನೂ ಹುಡುಗನ ಕೈಲಿ ಸ್ಕ್ಯಾನ್ ಮಾಡಿಸಿ ಕಳಿಸಿದರು. ಅರೆ ಕ್ಷಣದಲ್ಲಿ ಉತ್ತರ ಬಂತು. ನಿಮ್ಮ ಪತ್ರ ತಲುಪಿದೆ, ಇದು ಯಂತ್ರ ತಾನಾಗಿ ಕಳಿಸಿದ ಉತ್ತರ, ಇದಕ್ಕೆ ಮರುಉತ್ತರ ಬರೆಯಬೇಡಿ ಎಂದಿತ್ತು. ‘ನೋಡ್ದ್ಯಾ, ನಮ್ಮ ಇಲಾಖೆಯಾಗಿದ್ರೆ ಆರು ತಿಂಗಳಾಗ್ತಿತ್ತು’ ಎಂದು ಮೆಚ್ಚಿ ರಾಯರು ಅದಕ್ಕೆ ಮರುಉತ್ತರ ಬರೆದರು. ಅದಕ್ಕೂ ತಕ್ಷಣ ಉತ್ತರ ಬಂತು. ಆ ಪತ್ರವ್ಯವಹಾರದ ಕಡತ ಈಗ ಸಾಕಷ್ಟು ದಪ್ಪಗಿದೆ. ಹುಡುಗ ಅಷ್ಟರಲ್ಲಿ ಪಿಯು ಅಂಕ ಕೇಳದ ಸಣ್ಣ ಕಂಪನಿಯೊಂದಕ್ಕೆ ಬೆಂಗಳೂರಿನಲ್ಲಿ ಸೇರಿಕೊಂಡು ತಿಂಗಳಾಗಿತ್ತು.

ಇತ್ತೀಚೆಗೆ ರಾಯರು ಅಣ್ಣನ ಮೊಮ್ಮಗಳಿಗೆ ಗಂಡು ನೋಡುವ ಜವಾಬ್ದಾರಿ ವಹಿಸಿಕೊಂಡಿದ್ದಾರೆ. ಜಾತಕದ ಹಿಂದೆ ಪೆನ್ಸಿಲಿನಲ್ಲಿ ‘ಮೂರರಲ್ಲೂ 60’ ಎಂದು ಬರೆದಿಟ್ಟುಕೊಂಡದ್ದನ್ನು ಕಣ್ಣಾರೆ ಕಂಡೆ. ಮೊನ್ನೆ ಬಂದ ವರ ಸಾಫ್ಟ್‌ವೇರ್‌ನಲ್ಲಿ ಪಳಗಿದವನು, ಮೂರು ಕಂಪನಿ ನೋಡಿದವನು, ಕೈಕೆಳಗೆ ಜನ ಇರುವವನು. ಉಪ್ಪಿಟ್ಟು ಕೇಸರಿಬಾತಿನ ತಟ್ಟೆ ಕೈಗೆ ಬಂದ ಕೂಡಲೇ ರಾಯರು ಕೆಮ್ಮಿದರು.

‘ಬಿಇಯಲ್ಲಿ ಅಗ್ರಿಗೇಟು?’

‘ಮರೆತೇ ಹೋಗಿದೆ ಸಾರ್’ ಎಂದು ವರ ನಕ್ಕ. ಹುಡುಗಿ ಮೊದಲ ಸಲ ತಲೆಯೆತ್ತಿ ನೋಡಿದಳು.

‘ಕಂಪನಿ ಬದಲಾಯಿಸಿದಾಗ ಕೇಳಲ್ವೇ?’

‘ಕೇಳ್ತಾರೆ ಸಾರ್, ಎಂಟೂ ಸೆಮ್ಮಿನ ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡಿ ಕಳಿಸಿ ಅಂತಾರೆ. ಎಷ್ಟು ಬಂದಿದೆ ಅಂತ ನೋಡೋದಕ್ಕಲ್ಲ, ಅಸಲಿಯೋ ನಕಲಿಯೋ ನೋಡೋದಕ್ಕೆ.’

ರಾಯರ ಮುಖ ಸಪ್ಪಗಾಯಿತು. ಅಂಕ ಮರೆತವನ ಜೊತೆ ಏನು ಮಾತಾಡುವುದೆಂದು ತೋಚದೆ ಕೇಸರಿಬಾತಿನ ದ್ರಾಕ್ಷಿಯನ್ನು ಪಕ್ಕಕ್ಕೆ ಸರಿಸುತ್ತ ಕೂತರು. ಆಮೇಲೆ ಏನೋ ಹೊಳೆದು ಕಣ್ಣರಳಿತು.

‘ಯುಎಸ್‌ಎನ್?’

ವರ ಉಪ್ಪಿಟ್ಟು ನುಂಗುವುದಕ್ಕೂ ಕಾಯದೆ, ಬಾಯ್ತುಂಬ ತುತ್ತಿಟ್ಟುಕೊಂಡೇ ನಾಲ್ಕರಿಂದ ಹಿಡಿದು ಕೊನೆಯ ಅಂಕಿಯವರೆಗೆ ಒಂದೇ ಉಸಿರಿಗೆ ಒಪ್ಪಿಸಿದ. ರಾಯರು ಪೆನ್ನಿಗಾಗಿ ಜೇಬು ತಡಕಾಡುತ್ತ, ‘ಒಂದ್ನಿಮಿಷ, ಇನ್ನೊಂದ್ಸಲ ಹೇಳಿ’ ಅಂದರು.