ನಮ್ಮೂರ ಸೆಂಥಿಲ್ಲು

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಕೌದಳ್ಳಿಯ ಟೀ ಅಂಗಡಿ ಇಟ್ಟ ಹೆಸರು ಸೆಂಥಿಲ್ಲು. ಕೊಳ್ಳೇಗಾಲ ಸೀಮೆ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಾವು ಮೈಸೂರಿನ ಕಡೆ ಬಂದೆವು, ತಮಿಳು ಸಿನಿಮಾದ ಹುಚ್ಚು ಬರುವಾಗ ನಮ್ಮ ಜೊತೆಗೇ ಬಂತು. 1989ರ ‘ಕರಗಾಟ್ಟಕ್ಕಾರನ್’ ನೋಡದವರು ನಮ್ಮ ಪ್ರಾಯದವರಲ್ಲಿ ಕಡಿಮೆ. ಅದರಲ್ಲಿ ಹಾಸ್ಯನಟ ಗೌಂಡಮಣಿ ದುಡ್ಡು ಕೊಟ್ಟು ಜೋಡಿಯ ಸೆಂಥಿಲ್‌ನಿಂದ ಎರಡು ಬಾಳೆಹಣ್ಣು ತರಿಸುತ್ತಾನೆ. ಸೆಂಥಿಲ್ ಒಂದನ್ನು ನುಂಗಿ ಒಂದನ್ನು ಕೊಡುತ್ತಾನೆ. ಇನ್ನೊಂದೆಲ್ಲಿ ಅಂದರೆ, ಕೈಲಿರುವುದನ್ನೇ ತೋರಿಸಿ ಅದೇ ಇದು ಅನ್ನುತ್ತಾನೆ. ಹೊಡೆದರೂ ಅದೇ ಉತ್ತರ.

ನಮ್ಮವನದೂ ಇದೇ ತರ್ಕ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಮಾವಾಸ್ಯೆಯ ಹಿಂದಿನ ದಿನ ಕೊಳ್ಳೇಗಾಲದಲ್ಲಿ ಮಾದಪ್ಪನ ಬೆಟ್ಟದ ಬಸ್ಸಿಗೆ ಜನ ಮುಗಿಬೀಳುವುದು ಗೊತ್ತಲ್ಲ; ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿ ಅಂದೆ. ಹಿಡಿದ. ಟವೆಲ್ಲು ಕೂತುಕೊಂಡು ಮೈಸೂರಿಗೆ ಹೋಯಿತು, ನಾವು ನಿಂತುಕೊಂಡು ಕೌದಳ್ಳಿಗೆ ಬಂದೆವು. ಯಾರಾದರೂ ಜೋಕು ಹೇಳಿದರೆ ಎಲ್ಲರಿಗಿಂತ ಮೊದಲು ನಗುತ್ತಾನೆ, ಅರ್ಥವಾದ ಮೇಲೆ ಮಾರನೆಯ ದಿನ ಇನ್ನೊಂದು ಸಲ ನಗುತ್ತಾನೆ. ಸಾಲ ಕೇಳಿದವರಿಗೆ ಇಲ್ಲವೆನ್ನಲು ಬಾರದು. ಕೊಟ್ಟದ್ದನ್ನು ಕೇಳಲೂ ಬಾರದು.

ಇವೆಲ್ಲ ಇರಲಿ. ಆನೆಯ ವಿಷಯವೊಂದನ್ನು ಮಾತ್ರ ನಾನು ಯಾರ ಎದುರು ಕೂತರೂ ಹೇಳದೆ ಬಿಡುವುದಿಲ್ಲ.

ಮುಸುಕಿನ ಜೋಳ ಹಾಲುಗಟ್ಟಿತೆಂದರೆ ನಮಗೆ ಹೇಗೆ ಗೊತ್ತಾಗುತ್ತದೋ ಕಾಡಿಗೂ ಹಾಗೇ ಗೊತ್ತಾಗುತ್ತದೆ. ಮಲೆ ಮಹದೇಶ್ವರ ವನ್ಯಧಾಮವೆಂದು 2013ರಲ್ಲಿ ಘೋಷಣೆಯಾಯಿತು, ಕಂದಕ ಬಂತು, ಸೋಲಾರ್ ಬೇಲಿ ಬಂತು. ಆನೆಗಳು ಎಲ್ಲವನ್ನೂ ನೋಡಿಕೊಂಡೇ ದಾಟಿ ಬರುತ್ತವೆ. ಅದಕ್ಕೇ ರಾತ್ರಿ ಕಾವಲು. ನಾನೊಂದು ಭಾರಿ ಉಪಾಯ ಹೂಡಿದೆ. ಕಾಡಂಚಿನ ಹುಣಸೆಮರದ ಅಟ್ಟಣೆಯಲ್ಲಿ ಅವನು, ಹೊಲದ ಈಚೆ ಗುಡಿಸಲಲ್ಲಿ ನಾನು. ಅವನ ಕೈಯಿಂದ ನನ್ನ ಗುಡಿಸಲಿಗೆ ಒಂದು ಹಗ್ಗ, ಹಗ್ಗದ ತುದಿಗೆ ಕಲ್ಲು ತುಂಬಿದ ಎಣ್ಣೆ ಡಬ್ಬ. ಜೊತೆಗೆ ಒಂದು ಸರ ಪಟಾಕಿ, ಬೆಂಕಿಪೊಟ್ಟಣ. ‘ಆನೆ ಬಂದರೆ ಕೂಗು, ಹಗ್ಗ ಎಳಿ, ಪಟಾಕಿ ಹಚ್ಚು’ ಎಂದು ಅವನಿಂದ ಬಾಯಿಪಾಠ ಮಾಡಿಸಿದೆ. ತಪ್ಪಿಲ್ಲದೆ ಒಪ್ಪಿಸಿದ.

ಬೆಳಗ್ಗೆ ಎದ್ದು ನೋಡಿದರೆ ಮುಕ್ಕಾಲು ಹೊಲ ಮಲಗಿತ್ತು. ತೆನೆ ಕಿತ್ತ ಕಡ್ಡಿಗಳು, ಮುದ್ದೆ ತಟ್ಟೆಯಗಲದ ಹೆಜ್ಜೆಗಳು, ಲದ್ದಿಯಲ್ಲಿ ಅರೆಯದೆ ಉಳಿದ ನನ್ನ ಜೋಳದ ಕಾಳುಗಳು. ಅಟ್ಟಣೆಯ ಮೇಲೆ ಇವನು ಪಟಾಕಿ ಸರವನ್ನು ಅಂಗಿಯೊಳಗೆ ಬೆಚ್ಚಗೆ ಇಟ್ಟುಕೊಂಡು ಕೂತಿದ್ದ. ಇಬ್ಬನಿಗೆ ಒದ್ದೆಯಾದೀತು ಅಂತ.

‘ಯಾನ್ಲಾ ಇದು? ಯಾಕ್ಲಾ ಕೂಗ್ಲಿಲ್ಲ?’

‘ಬಂದ್ರ ಕೂಗು ಅಂದಿದ್ದಿ ಅಣ್ಣಾ. ನಾ ಎಚ್ಚರ ಆಗಿ ನೋಡ್ವಾಗ ಅದು ಬತ್ತಿರ್ಲಿಲ್ಲ ಕನಾ, ಹೋಯ್ತಿತ್ತು.’

ನನಗೆ ಮಾತು ಹೊರಡಲಿಲ್ಲ. ಅವನೇ ಮುಂದುವರಿಸಿದ: ‘ಉಂಡು ಹೋಯ್ತಿರೋದ ಯಾಕ ಕೂಗಿ ಕರೆಯದು?’

ಮಧ್ಯಾಹ್ನ ಕೋಪ ಇಳಿದ ಮೇಲೆ ಹೆಜ್ಜೆಗಳ ಜಾಡು ಹಿಡಿದು ನಡೆದೆ. ಅದು ವಾಪಸು ಹೋದದ್ದು ನನ್ನ ಗುಡಿಸಲ ಪಕ್ಕದಲ್ಲೇ. ನಾನು ತಲೆಯಿಟ್ಟು ಮಲಗಿದ್ದ ಗೋಡೆಗೂ ಕೊನೆಯ ಹೆಜ್ಜೆಗೂ ನಡುವೆ ಒಂದು ಮೇಕೆ ನಿಲ್ಲುವಷ್ಟು ಜಾಗವಿತ್ತು. ಆ ಹೊತ್ತಿನಲ್ಲಿ ತಲೆಯ ಹತ್ತಿರ ಡಬ್ಬ ಬಡಿದುಕೊಂಡು, ಹಿಂದೆ ಪಟಾಕಿ ಸಿಡಿದಿದ್ದರೆ? ಈ ಲೆಕ್ಕ ಅವನು ಹಾಕಿರಲಿಲ್ಲ, ನಾನೂ ಅವನಿಗೆ ಹೇಳಲಿಲ್ಲ. ಬೈದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತಿತ್ತು.

ಮನೆಯ ಮಕ್ಕಳ ಜೊತೆ ಕೂತು ‘ಮೋಟು ಪತ್ಲು’ ಕಾರ್ಟೂನು ನೋಡುವಾಗ ಇದು ನೆನಪಾಗುತ್ತದೆ. ಉಪಾಯ ಪತ್ಲುವಿನದು, ಸಮೋಸದ ಧ್ಯಾನ ಮೋಟುವಿನದು, ಪೆಟ್ಟು ಇಬ್ಬರದು. ಆದರೆ ಪೆಟ್ಟು ತಿಂದ ಮೇಲೆ ಮೋಟು ಮತ್ತೆ ಸಮೋಸ ಹುಡುಕಿಕೊಂಡು ಹೊರಡುತ್ತಾನೆ. ಉಪಾಯ ಕೆಟ್ಟಿತೆಂಬ ಸಂಕಟ ಪತ್ಲುವಿಗೆ ಮಾತ್ರ. ಲಾರೆಲ್-ಹಾರ್ಡಿ ಜೋಡಿಯಲ್ಲಿ ತಲೆ ಕೆರೆದುಕೊಂಡು ಅಳುವ ಪೆದ್ದ ಲಾರೆಲ್. ಕ್ಯಾಮೆರಾ ಹಿಂದೆ ಕೂತು ನಗೆಯ ಪ್ರಸಂಗಗಳನ್ನು ಹೊಸೆಯುತ್ತಿದ್ದವನೂ ಅವನೇ. ದೊಡ್ಡ ಮನುಷ್ಯನಂತೆ ಟೈ ಆಡಿಸುತ್ತಿದ್ದ ಹಾರ್ಡಿ, ಚಿತ್ರೀಕರಣ ಮುಗಿದರೆ ಗಾಲ್ಫ್ ಆಡಲು ಹೋಗುತ್ತಿದ್ದ. ಕಾರ್ಟೂನು ಹುಟ್ಟುವುದಕ್ಕೆ ಎಷ್ಟೋ ಮುಂಚೆ ನಮ್ಮ ತೊಗಲುಗೊಂಬೆಯಾಟದವರು ರಾಮ ರಾವಣರ ನಡುವೆ ಕಿಳ್ಳೇಕ್ಯಾತನನ್ನೂ ಬಂಗಾರಕ್ಕನನ್ನೂ ನುಗ್ಗಿಸಿದ್ದರು. ದೇವರ ಕತೆಗೆ ತೂಕಡಿಸುತ್ತಿದ್ದವರು ಕೆದರುಗೂದಲ ಕ್ಯಾತ ಬಂದ ಕೂಡಲೇ ಎದ್ದು ಕೂರುತ್ತಿದ್ದರು.

ನಮ್ಮ ಟೀ ಅಂಗಡಿಯೂ ಹಾಗೇ ಎದ್ದು ಕೂರುತ್ತಿತ್ತು. ಈಗ ಅವನಿಲ್ಲ. ಮಳೆ ಕೈಕೊಟ್ಟ ವರ್ಷ ಊರ ಹುಡುಗರ ಜೊತೆ ಬೆಂಗಳೂರಿಗೆ ಹೋಗಿ, ಯಾವುದೋ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ ಆಗಿದ್ದಾನೆ. ರಾತ್ರಿ ಕಾವಲಿಗೆ, ಅವನನ್ನು! ಆ ಮನೆಗಳವರ ಮೇಲೆ ನನಗೆ ಕನಿಕರವಿದೆ, ಸ್ವಲ್ಪ ಹೊಟ್ಟೆಕಿಚ್ಚೂ ಇದೆ. ದೀಪಾವಳಿ ಜಾತ್ರೆಗೆ ಬಂದವನು ಯೂನಿಫಾರಂ ಹಾಕಿಕೊಂಡೇ ಬಂದು ನನಗೊಂದು ಸೆಲ್ಯೂಟ್ ಹೊಡೆದ. ನನಗೆಂದು ಹೊಸ ಟವೆಲ್ ತಂದಿದ್ದ.

ಈ ಸಲ ಕಾವಲಿಗೆ ಸಿಕ್ಕಿರುವ ಹುಡುಗ ಬಲು ಚುರುಕು. ಆನೆ ಎಲ್ಲಿದೆ ಎಂದು ಅಕ್ಕಪಕ್ಕದ ಹೊಲದವರಿಗೆಲ್ಲ ಫೋನು ಹಚ್ಚಿ ವಿಚಾರಿಸುತ್ತಾನೆ, ಗಾಳಿ ಎತ್ತ ಬೀಸುತ್ತಿದೆ ನೋಡುತ್ತಾನೆ. ಅವನಿಗೂ ಒಂದು ಹಗ್ಗದ ಉಪಾಯ ಹೇಳೋಣವೆಂದು ಬಾಯಿ ತೆರೆದೆ.

‘ಅಂಕಲ್, ನೀವೇನೂ ಮಾಡಕ್ಕ ಹೋಗ್ಬ್ಯಾಡಿ. ಈ ಟಾರ್ಚ್ ಹಿಡ್ಕಂಡು ಇಲ್ಲೇ ನಿಂತ್ಕಳಿ ಸಾಕು’ ಅಂದ.